ನೈದಿಲೆಗೆ ಒಂದು ಅಂಕ

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಈ ಮೂವತ್ತು ವರ್ಷಗಳಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಎಷ್ಟು ಬಾಟಲಿ ಕೆಂಪು ಶಾಯಿ ಖರ್ಚು ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಹಾಕಿದ ತಪ್ಪು ಗುರುತುಗಳೂ ಮರೆತುಹೋಗಿವೆ. ಒಂದು ಮಾತ್ರ ಮರೆತಿಲ್ಲ. ಅದು ಒಂದು ಅಂಕದ ಪ್ರಶ್ನೆ. ಅಲ್ಲಿ ತಪ್ಪು ಮಾಡಿದ್ದು ಹುಡುಗಿಯಲ್ಲ, ನಾನು.

1996ನೆಯ ಇಸವಿ. ಮದುವೆಯಾಗಿ ಸಾರಕ್ಕಿಗೆ ಬಂದು ಮೂರು ವರ್ಷವಾಗಿತ್ತು. ಹತ್ತಿರದ ಒಂದು ಶಾಲೆಯಲ್ಲಿ ಕನ್ನಡವನ್ನೂ ಸಮಾಜ ಪಾಠವನ್ನೂ ಕಲಿಸುತ್ತಿದ್ದೆ. ಏಳನೆಯ ತರಗತಿಯ ಪದ್ಯವೊಂದರಲ್ಲಿ ಚಂದ್ರನನ್ನು ಕಂಡು ನೈದಿಲೆ ಅರಳುವ ಮಾತು ಬಂತು. ನಮ್ಮ ಕಾವ್ಯಗಳಲ್ಲಿ ಇದು ಸವೆದ ಹೋಲಿಕೆ. ಸೂರ್ಯನಿಗೆ ತಾವರೆ, ಚಂದ್ರನಿಗೆ ನೈದಿಲೆ. ನಾನು ರಾಗವಾಗಿ ಹೇಳಿ ಅರ್ಥ ಬಿಡಿಸಿ ಮುಂದಕ್ಕೆ ಹೋಗಬೇಕು ಎನ್ನುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗ ಎದ್ದು, “ನೈದಿಲೆ ಅಂದ್ರೆ ಹೇಗಿರತ್ತೆ ಮಿಸ್?” ಎಂದ.

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನು ತುಮಕೂರಿನ ಒಂದು ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು. ತಾವರೆಯನ್ನು ಲಕ್ಷ್ಮಿಯ ಕ್ಯಾಲೆಂಡರಿನಲ್ಲಿಯೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಅಂಗಡಿಯಲ್ಲಿಯೂ ನೋಡಿದ್ದೆ. ನೈದಿಲೆಯನ್ನು ನೋಡಿದ್ದು ಶಬ್ದಕೋಶದಲ್ಲಿ ಮಾತ್ರ. ಬಿ.ಎ., ಬಿ.ಎಡ್. ಮಾಡಿದವಳು ಮಕ್ಕಳೆದುರು ಗೊತ್ತಿಲ್ಲ ಎನ್ನುವುದು ಹೇಗೆ? “ಶನಿವಾರ ಕೆರೆಗೇ ಕರೆದುಕೊಂಡು ಹೋಗಿ ತೋರಿಸುತ್ತೇನೆ” ಎಂದುಬಿಟ್ಟೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಲವತ್ತು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಸಾರಕ್ಕಿ ಕೆರೆಯ ಏರಿಯ ಮೇಲೆ ನಿಂತೆ. ನೀರೇ ಕಾಣದಂತೆ ಹಸುರು ಹಾಸಿತ್ತು. ಅದರ ಮೇಲೆ ತಿಳಿ ನೇರಳೆ ಬಣ್ಣದ ಹೂವಿನ ಗೊಂಚಲುಗಳು, ಒಂದೊಂದರ ಮೇಲ್ದಳದಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ಅಷ್ಟು ಚೆಂದದ ಹೂವಿಗೆ ಕಾವ್ಯದ ಹೆಸರೇ ಇರಬೇಕು ಎಂದು ನನಗೆ ಅನಿಸಿತು. “ನೋಡಿ ಮಕ್ಕಳೇ, ಇದೇ ನೈದಿಲೆ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮಾತ್ರ ತಟ್ಟಲಿಲ್ಲ. ಹಳೇ ಸಾರಕ್ಕಿ ಊರಿನವಳು, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳು. “ಮಿಸ್, ನೈದಿಲೆ ರಾತ್ರಿ ಅರಳತ್ತೆ ಅಂದ್ರಲ್ಲ, ಇದು ಬಿಸಿಲಲ್ಲೇ ಅರಳಿದೆ?” ಎಂದಳು. ತಲೆಹರಟೆ ಮಾಡಬೇಡ ಎಂದು ಗದರಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ನಿಮ್ಮ ಊರಿನ ಕೆರೆಯಲ್ಲಿ ನೀವು ಕಂಡ ಹೂ ಯಾವುದು?’ ಎಂದು ಒಂದು ಅಂಕದ ಪ್ರಶ್ನೆ ಕೊಟ್ಟೆ. ಎಲ್ಲರೂ ನೈದಿಲೆ ಎಂದು ಬರೆದಿದ್ದರು. ಆ ಹುಡುಗಿ ಬರೆದಿದ್ದಳು: ಅಂತರಗಂಗೆ. ನೈದಿಲೆ ಈಗ ಇಲ್ಲ.

ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

ಪತ್ರಿಕೆಗಳನ್ನು ಹಂಚಿದ ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಒಬ್ಬ ಅಜ್ಜಿ ಗೇಟಿನ ಬಳಿ ನಿಂತಿದ್ದರು. ಜಗಳಕ್ಕೆ ಬಂದಿರಬೇಕೆಂದು ನನಗೆ ಎದೆ ಡವಡವ ಎಂದಿತು. ಅವರು ಜಗಳವಾಡಲಿಲ್ಲ. “ಮೇಡಮ್ಮೋರೆ, ಹುಡುಗಿ ಊಟ ಬಿಟ್ಟು ಕೂತೈತೆ. ಬನ್ನಿ, ನಾನು ತೋರಿಸ್ತೀನಿ” ಎಂದು ನನ್ನನ್ನು ಮತ್ತೆ ಅದೇ ಏರಿಯ ಮೇಲೆ ಕರೆದುಕೊಂಡು ಹೋದರು. ಅಲ್ಲಿ ನಿಂತು ಅವರು ಹೇಳಿದ್ದು ನನ್ನ ಪಾಲಿನ ಮೊದಲ ಸಸ್ಯಶಾಸ್ತ್ರದ ಪಾಠ. “ಇದು ಎಲ್ಲಿಂದಲೋ ಬಂದ ಕಳೆ. ಇದಕ್ಕೆ ನೆಲ ಬೇಡ, ತೇಲ್ತದೆ. ನೈದಿಲೆ ಹಂಗಲ್ಲ. ಅದರ ಗೆಡ್ಡೆ ಕೆಸರೊಳಗೆ ಇರ್ತದೆ. ನೀರು ಬತ್ತಿದರೆ ನಿದ್ದೆ ಮಾಡ್ತದೆ, ನೀರು ಬಂದರೆ ಏಳ್ತದೆ. ಒಂದು ಹಗಲು ಹೂ, ಒಂದು ರಾತ್ರಿ ಹೂ.” ಚಿಕ್ಕವರಿದ್ದಾಗ ಗೆಡ್ಡೆ ಬೇಯಿಸಿ ತಿಂದದ್ದನ್ನು ಹೇಳಿದರು. ಹೂವಿನ ಉದ್ದನೆಯ ದಂಟನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಮುರಿದು, ನಾರು ಮಾತ್ರ ಉಳಿಸಿ, ಮಣಿಸರದ ಹಾಗೆ ಮಾಡಿ, ಹೂವೇ ಪದಕವಾಗುವಂತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದರು. ಆ ಒಣಗಿದ ಬೆರಳುಗಳು ಇಲ್ಲದ ದಂಟನ್ನು ಟಕ್ ಟಕ್ ಎಂದು ಮುರಿಯುತ್ತಿದ್ದುದು ಇಂದಿಗೂ ಕಣ್ಣ ಮುಂದಿದೆ.

ಕೊನೆಗೆ ಕೆರೆಯ ಆಚೆ ದಡದ ಕಡೆ ಬೆರಳು ತೋರಿಸಿ, “ಅಗೋ, ಆ ಹೊಸ ಕಾಂಪೌಂಡು ಕಾಣ್ತದಲ್ಲ, ಅಲ್ಲೇ ನಾವು ನೈದಿಲೆ ಕೀಳ್ತಿದ್ದದ್ದು” ಎಂದರು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂದಿನಿಂದ ನೈದಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಮ್ಮ ಶಾಲೆಯ ವಿಜ್ಞಾನದ ಮೇಡಂಗೆ ಪ್ರಶ್ನೆ ಕೇಳಿ ಕೇಳಿ ಬೇಸರ ತರಿಸಿದೆ. ಅಜ್ಜಿ ಹೇಳಿದ ಒಂದು ಮಾತೂ ಸುಳ್ಳಾಗಲಿಲ್ಲ.

ನಮ್ಮ ಕೆರೆಗಳ ನೈದಿಲೆಗಳಲ್ಲಿ ಮುಖ್ಯವಾದವು ಎರಡು. ಹಗಲು ಅರಳುವ ನೀಲಿ ನೈದಿಲೆ ಒಂದು. ಸಸ್ಯಶಾಸ್ತ್ರಜ್ಞರು ಇದನ್ನು ನಿಂಫಿಯಾ ನೌಚಾಲಿ ಎನ್ನುತ್ತಾರೆ. ಸಂಸ್ಕೃತ ಕವಿಗಳ ನೀಲೋತ್ಪಲ ಇದೇ. ಶ್ರೀಲಂಕಾದ ರಾಷ್ಟ್ರೀಯ ಪುಷ್ಪವೂ ಇದೇ. ಇನ್ನೊಂದು ಸಂಜೆಗತ್ತಲಲ್ಲಿ ಅರಳಿ ಮಾರನೆಯ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುವ ಬಿಳಿ ಅಥವಾ ಕೆಂಪು ನೈದಿಲೆ, ನಿಂಫಿಯಾ ಪ್ಯೂಬಿಸೆನ್ಸ್. ಇದರ ಎಲೆಯ ಅಂಚು ಗರಗಸದಂತೆ, ಅಡಿಭಾಗದಲ್ಲಿ ನವಿರಾದ ರೋಮ. ಕುಮುದ ಎಂದು ಕವಿಗಳು ಕರೆದದ್ದು ಇದನ್ನೇ. ಹುಣ್ಣಿಮೆಯಾಗಲಿ ಅಮಾವಾಸ್ಯೆಯಾಗಲಿ ಅದು ಕತ್ತಲಾದರೆ ಅರಳುತ್ತದೆ. ಆದರೂ ಚಂದ್ರನ ಜೊತೆ ಅದರ ನಂಟು ಕಟ್ಟಿದ ಕವಿಗಳು ಕೆರೆಯ ದಡದಲ್ಲಿ ಕುಳಿತು ನೋಡಿದವರೇ ಇರಬೇಕು, ನನ್ನಂತೆ ಶಬ್ದಕೋಶದಲ್ಲಿ ನೋಡಿದವರಲ್ಲ.

ಇದು ವರ್ಷಕ್ಕೊಮ್ಮೆ ಸಾಯುವ ಗಿಡವಲ್ಲ. ಗೆಡ್ಡೆ ಕೆಸರಿನಲ್ಲಿ ಬಹುಕಾಲ ಬದುಕುತ್ತದೆ. ಅಲ್ಲಿಂದ ಉದ್ದನೆಯ ತೊಟ್ಟುಗಳು ಮೇಲೆ ಬಂದು ನೀರಿನ ಮೇಲೆ ಎಲೆಗಳನ್ನು ಹಾಸುತ್ತವೆ. ನೀರು ಏರಿದರೆ ತೊಟ್ಟೂ ಉದ್ದವಾಗುತ್ತದೆ. ತೊಟ್ಟನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೆ ಕೊಳವೆಗಳು. ಎಲೆ ಎಳೆದುಕೊಂಡ ಗಾಳಿ ಆ ಕೊಳವೆಗಳಲ್ಲಿ ಇಳಿದು ಉಸಿರುಗಟ್ಟುವ ಕೆಸರಿನಲ್ಲಿರುವ ಗೆಡ್ಡೆಯನ್ನು ತಲುಪುತ್ತದೆ. ನೆಲದ ಗಿಡಗಳಿಗೆ ಉಸಿರಾಡುವ ರಂಧ್ರಗಳು ಹೆಚ್ಚಾಗಿ ಎಲೆಯ ಅಡಿಯಲ್ಲಿ ಇರುತ್ತವೆ, ನೈದಿಲೆಗೆ ಮೇಲ್ಗಡೆ. ಅಡಿಯಲ್ಲಿ ನೀರಿರುವಾಗ ಇನ್ನೆಲ್ಲಿ ಇರಬೇಕು, ಹೇಳಿ?

ಹೂವಿನ ಸಂಸಾರವೂ ವಿಚಿತ್ರ. ಈ ಕುಲದ ಹಲವು ಹೂಗಳಲ್ಲಿ ಅರಳಿದ ಮೊದಲ ದಿನ ಹೆಣ್ಣು ಭಾಗ ಮಾತ್ರ ಸಿದ್ಧವಾಗಿರುತ್ತದೆ. ನಡುವಿನ ಬಟ್ಟಲಲ್ಲಿ ಒಂದಿಷ್ಟು ದ್ರವ ತುಂಬಿರುತ್ತದೆ. ಬೇರೆ ಹೂವಿನ ಪರಾಗ ಮೈಗೆ ಮೆತ್ತಿಕೊಂಡು ಬಂದ ದುಂಬಿ ಅದರಲ್ಲಿ ಜಾರಿ ಬಿದ್ದರೆ ಪರಾಗ ತೊಳೆದು ಹೋಗಿ ಹೆಣ್ಣು ಭಾಗಕ್ಕೆ ಸೇರುತ್ತದೆ. ಕೆಲವು ಬಡಪಾಯಿ ಹುಳುಗಳು ಅಲ್ಲೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ಬಟ್ಟಲು ಒಣಗಿ ಕೇಸರಗಳು ಪರಾಗ ಬಿಡುತ್ತವೆ. ಮೂರು ನಾಲ್ಕು ದಿನಕ್ಕೆ ಹೂವಿನ ಆಟ ಮುಗಿಯುತ್ತದೆ. ಆಮೇಲೆ ಹೂ ನೀರಿನೊಳಕ್ಕೆ ಇಳಿದು ಕಾಯಿ ಅಲ್ಲಿಯೇ ಬಲಿಯುತ್ತದೆ. ಬಸುರಿಯನ್ನು ತವರಿಗೆ ಕರೆಸಿಕೊಂಡ ಹಾಗೆ. ಬಿರಿದ ಕಾಯಿಯ ಸಣ್ಣ ಬೀಜಗಳಿಗೆ ಗಾಳಿ ತುಂಬಿದ ತೆಳು ಹೊದಿಕೆ ಇರುವುದರಿಂದ ಸ್ವಲ್ಪ ದೂರ ತೇಲಿ, ಹೊದಿಕೆ ಕೊಳೆತ ಮೇಲೆ ಮುಳುಗಿ ನೆಲ ಹಿಡಿಯುತ್ತವೆ.

ನಮ್ಮಲ್ಲಿ ಎಷ್ಟೋ ಮಂದಿ ತಾವರೆಯನ್ನೂ ನೈದಿಲೆಯನ್ನೂ ಅಕ್ಕತಂಗಿಯರೆಂದು ತಿಳಿದಿದ್ದೇವೆ. ಗುರುತಿಸುವುದು ಕಷ್ಟವಲ್ಲ. ನೈದಿಲೆಯ ಎಲೆ ನೀರಿಗೆ ಅಂಟಿಕೊಂಡಿರುತ್ತದೆ, ಒಂದು ಕಡೆ ಸೀಳು ಇರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ. ಅದು ಕೊಡೆಯಂತೆ ನೀರಿನಿಂದ ಮೇಲೇಳುತ್ತದೆ, ಮೇಲೆ ಬಿದ್ದ ಹನಿ ಮುತ್ತಾಗಿ ಉರುಳಿಹೋಗುತ್ತದೆ. ಬಂಧುತ್ವದ ವಿಚಾರಕ್ಕೆ ಬಂದರೆ ಇನ್ನೂ ಆಶ್ಚರ್ಯ. ಹೂ ಬಿಡುವ ಗಿಡಗಳ ವಂಶವೃಕ್ಷದಲ್ಲಿ ಬಹಳ ಮೊದಲೇ ಬೇರೆ ಕವಲಾದ ಕುಟುಂಬ ನೈದಿಲೆಯದು. ತಾವರೆಗೆ ಅದಕ್ಕಿಂತ ಹತ್ತಿರದ ನೆಂಟ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರ! ದಿನಸಿ ಅಂಗಡಿಯಲ್ಲಿ ತಾವರೆ ಬೀಜವೆಂದು ಕೇಳಿ ತರುವ ಮಖಾನಾ ಇದೆಯಲ್ಲ, ಅದು ತಾವರೆಯ ಬೀಜವೇ ಅಲ್ಲ. ಬಿಹಾರದ ಮಿಥಿಲೆಯ ಕಡೆ ಬೆಳೆಯುವ, ಮೈಯೆಲ್ಲ ಮುಳ್ಳಿರುವ ಒಂದು ನೀರುಗಿಡದ ಬೀಜ ಅದು. ಆ ಗಿಡ ನೈದಿಲೆಯ ಸ್ವಂತ ಕುಟುಂಬದ್ದು.

ಇದನ್ನೆಲ್ಲ ಓದುವಾಗ ನನ್ನ ತಪ್ಪಿಗೆ ಸ್ವಲ್ಪ ಸಮಾಧಾನವೂ ಸಿಕ್ಕಿತು. ಗಿಡಮರಗಳಿಗೆಲ್ಲ ಹೆಸರಿಟ್ಟ ಮಹಾಪಂಡಿತ ಲಿನೇಯಸ್ ಕೂಡ 1753ರಲ್ಲಿ ತಾವರೆಯನ್ನು ನೈದಿಲೆಯ ಕುಲಕ್ಕೇ ಸೇರಿಸಿದ್ದ. ಅದು ಬೇರೆಯದೇ ಕುಲವೆಂದು ಗೇರ್ಟ್ನರ್ ಎಂಬ ವಿದ್ವಾಂಸ ಈಗಿನ ಹೆಸರು ಕೊಟ್ಟದ್ದು 1788ರಲ್ಲಿ. ಈಜಿಪ್ಟಿನ ಕಮಲ ಎಂದು ಪುಸ್ತಕಗಳು ಕರೆಯುವುದೂ ನಿಜವಾಗಿ ನೀಲಿ ನೈದಿಲೆಯೇ. 1922ರಲ್ಲಿ ಪತ್ತೆಯಾದ ಟುಟಂಖಾಮನ್ ದೊರೆಯ ಸಮಾಧಿಯಲ್ಲಿ, ಶವಪೆಟ್ಟಿಗೆಯ ಮೇಲಿನ ಹಾರದಲ್ಲಿ ಅದರ ಎಸಳುಗಳಿದ್ದವು. ಮೂರು ಸಾವಿರ ವರ್ಷಕ್ಕೂ ಹಿಂದೆ ಯಾವುದೋ ಹೆಣ್ಣುಮಗಳು ಕಟ್ಟಿದ ಹಾರವಿರಬಹುದು!

ಆದರೆ ನಮ್ಮ ಜನ ಈ ಗೊಂದಲ ಮಾಡಿಕೊಂಡವರಲ್ಲ. ಕೇರಳದಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಅಲ್ಲಿನ ವೈದ್ಯರನ್ನು ಕೇಳಿ ಬರೆಯಿಸಿದ ‘ಹಾರ್ಟಸ್ ಮಲಬಾರಿಕಸ್’ ಎಂಬ ಗ್ರಂಥ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ತಾಮರ ಬೇರೆ, ಆಂಬಲ್ ಬೇರೆ. ನಮ್ಮಲ್ಲೂ ತಾವರೆ ಬೇರೆ, ನೈದಿಲೆ ಬೇರೆ. ಹಳಗನ್ನಡದಲ್ಲಿ ನೆಯ್ದಿಲ್, ತಮಿಳಿನಲ್ಲಿ ನೆಯ್ದಲ್. ತಮಿಳರು ತಮ್ಮ ಪ್ರಾಚೀನ ಕಾವ್ಯದ ಐದು ಬಗೆಯ ನಾಡುಗಳಲ್ಲಿ ಕಡಲತೀರಕ್ಕೆ ಈ ಹೂವಿನ ಹೆಸರನ್ನೇ ಇಟ್ಟಿದ್ದರು. ಇಷ್ಟು ಹಳೆಯ ಹೆಸರನ್ನು ಒಂದು ಶನಿವಾರ ನಾನು ನಲವತ್ತು ಮಕ್ಕಳ ಮುಂದೆ ಎತ್ತಿ ಒಂದು ಕಳೆಗೆ ಕೊಟ್ಟೆ.

ಆ ಕಳೆಯ ಚರಿತ್ರೆಯನ್ನೂ ಹೇಳಬೇಕು. ಜನ ಅಂತರಗಂಗೆ ಎಂದು ಕರೆಯುವ ಗಿಡಗಳು ಎರಡಿವೆ. ಒಂದು ಪುಟ್ಟ ಎಲೆಕೋಸಿನಂತೆ ತೇಲುವುದು. ನಾವು ಅಂದು ನೋಡಿದ್ದು ಇನ್ನೊಂದು, ಊದಿದ ತೊಟ್ಟಿನ ನೇರಳೆ ಹೂವಿನದು. ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಹೂವಿನ ಅಂದಕ್ಕೆ ಮರುಳಾಗಿ ಜನ ಅದನ್ನು ದೇಶದಿಂದ ದೇಶಕ್ಕೆ ಒಯ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂತು. ಅಲ್ಲಿಯ ಹೊಳೆ ಕಾಲುವೆಗಳನ್ನು ಮುಚ್ಚಿ ದೋಣಿ ಸಾಗದಂತೆ, ಭತ್ತ ಬೆಳೆಯದಂತೆ ಮಾಡಿತು. 1936ರಲ್ಲಿ ಅದನ್ನು ಕೀಳಲೆಂದೇ ಬಂಗಾಳದಲ್ಲಿ ಒಂದು ಕಾಯಿದೆ ಮಾಡಬೇಕಾಯಿತು. 1937ರ ಚುನಾವಣೆಯಲ್ಲಿ ಅದನ್ನು ನಿರ್ಮೂಲ ಮಾಡುತ್ತೇವೆಂಬುದು ಪಕ್ಷಗಳ ಆಶ್ವಾಸನೆಯಾಯಿತು. ನಮ್ಮ ಬೆಂಗಳೂರಿನಲ್ಲೂ 1980ರ ದಶಕದಲ್ಲಿ ಕೆಲವು ಕೆರೆಗಳಿಗೆ, ಈ ಗಿಡವನ್ನೇ ತಿಂದು ಬದುಕುವ ಮೂತಿಹುಳುಗಳನ್ನು ವಿಜ್ಞಾನಿಗಳು ಬಿಟ್ಟರು. ಕೆಲವೆಡೆ ಫಲವೂ ಸಿಕ್ಕಿತು. ಆದರೆ ಮೂಲವನ್ನು ಮುಚ್ಚದೆ ಹುಳುವೊಂದೇ ಏನು ಮಾಡೀತು? ಈ ಗಿಡಕ್ಕೆ ಊಟ ಕೊಡುತ್ತಿರುವವರು ನಾವೇ. ನಮ್ಮ ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆದ ಸಾಬೂನಿನ ನೊರೆ ಎಲ್ಲ ಚರಂಡಿ ಹಿಡಿದು ಕೆರೆಗೆ ಹೋದಾಗ ಅದು ಹಬ್ಬದೂಟ ಉಂಡಂತೆ ಕೊಬ್ಬುತ್ತದೆ. ಎರಡು ವಾರ ಅನುಕೂಲವಾಗಿ ಸಿಕ್ಕರೆ ಒಂದಿದ್ದದ್ದು ಎರಡಾಗುತ್ತದೆ. ಅದು ಹಾಸಿಕೊಂಡ ಮೇಲೆ ಅಡಿಯ ನೀರಿಗೆ ಬೆಳಕಿಲ್ಲ, ಗಾಳಿಯಿಲ್ಲ. ನೀರಿನ ಮೇಲೆ ಮುಖವಿಟ್ಟು ಉಸಿರಾಡಬೇಕಾದ ನೈದಿಲೆಗೆ ಮುಖವಿಡಲು ಜಾಗವೇ ಇಲ್ಲ.

ನೈದಿಲೆಗೆ ಬೇಕಾದ ಜಾಗ ಯಾವುದು? ಅದನ್ನು ತಿಳಿಯಬೇಕಾದರೆ ನಮ್ಮ ಕೆರೆಗಳ ರಚನೆ ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ಹತ್ತಿರದಲ್ಲಿ ತುಂಬಿ ಹರಿಯುವ ನದಿಯಿಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಮುಂಚಿನಿಂದಲೂ, ಆಮೇಲೂ, ಇಲ್ಲಿಯ ಜನ ಮಳೆನೀರನ್ನು ತಗ್ಗಿನಲ್ಲಿ ತಡೆದು ನಿಲ್ಲಿಸಿ ಬದುಕಿದವರು. ಒಂದರ ಕೋಡಿ ಇನ್ನೊಂದಕ್ಕೆ ಎಂದು ಸಾಲು ಕೆರೆಗಳು. ಕೆರೆಯ ಆಕಾರ ನಮ್ಮ ಮನೆಯ ಮೊರದಂತೆ. ಮೊರದ ಹಿಂಭಾಗ ಎತ್ತರ, ಅದೇ ಏರಿ. ಅಲ್ಲಿ ನೀರು ಆಳ. ಮುಂದಕ್ಕೆ ಬರಬರುತ್ತಾ ತೆಳುವಾಗಿ ಅಂಚಿಗೆ ಬಂದಾಗ ಮೊಣಕಾಲುದ್ದ, ಹಿಮ್ಮಡಿಯುದ್ದ. ಈ ತೆಳುನೀರಿನ ಅಂಚಿಗೆ ಕೆರೆಯಂಗಳ ಎಂದು ಹೆಸರು. ಅಂಗಳ! ಮನೆಗೆ ಹೇಗೋ ಕೆರೆಗೂ ಹಾಗೆ.

ನೈದಿಲೆ ಇರುವುದು ಈ ಅಂಗಳದಲ್ಲಿ. ಏರಿಯ ಬಳಿಯ ಆಳ ಅದಕ್ಕೆ ಒಗ್ಗದು. ಬಿಸಿಲು ತಳ ಮುಟ್ಟುವಷ್ಟು ಆಳದ, ನಿಂತ ತಿಳಿನೀರು, ಅಡಿಯಲ್ಲಿ ಮೆತ್ತನೆಯ ಕೆಸರು ಬೇಕು. ಮಳೆಗಾಲದಲ್ಲಿ ನೀರೇರಬೇಕು, ಬೇಸಿಗೆಯಲ್ಲಿ ಇಳಿದರೂ ಅಡ್ಡಿಯಿಲ್ಲ, ಗೆಡ್ಡೆ ಕಾದಿರುತ್ತದೆ. ಹೊನಗೊನೆ, ಒಂದೆಲಗ ಮೊದಲಾದ ಸೊಪ್ಪುಗಳನ್ನು ನಮ್ಮ ಹಿಂದಿನ ಹೆಂಗಸರು ಮಡಿಲಿಗೆ ಕಿತ್ತುಕೊಂಡು ಬರುತ್ತಿದ್ದದ್ದೂ ಈ ಅಂಗಳದಿಂದಲೇ. ಆದರೆ ಬೇಸಿಗೆಯಲ್ಲಿ ಬಂದು ನೋಡುವವನ ಕಣ್ಣಿಗೆ ಇದು ಖಾಲಿ ಬಿದ್ದ ಜಾಗ. ಅಡಿಯಲ್ಲಿ ಮಲಗಿರುವ ಗೆಡ್ಡೆ ಅವನಿಗೆ ಕಾಣುವುದಿಲ್ಲ. ಹಾಗಾಗಿ ಊರು ಬೆಳೆದಾಗ ಮೊದಲು ಹೋಗುವುದು ಕೆರೆಯ ಅಂಗಳ, ಆಮೇಲೆ ಕೆರೆ.

ಬೆಂಗಳೂರಿನಲ್ಲಿ ಹೋದ ಕೆರೆಗಳಿಗೆ ಲೆಕ್ಕವಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಗಳನ್ನು ಉಳಿಸುವ ದಾರಿ ಹೇಳಲು 1985ರಲ್ಲಿ ಸರ್ಕಾರ ಎನ್. ಲಕ್ಷ್ಮಣ ರಾವ್ ಅವರ ಸಮಿತಿ ನೇಮಿಸಿತು. ಚರಂಡಿ ನೀರು ಕೆರೆಗೆ ಬೀಳಬಾರದೆಂದು ಆ ಸಮಿತಿ ಅಂದೇ ಹೇಳಿತ್ತು. ನಮ್ಮ ದಕ್ಷಿಣದ ಬಿ.ಟಿ.ಎಂ. ಬಡಾವಣೆಯ ಹೆಸರನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ! ಬಿ ಎಂದರೆ ಭೈರಸಂದ್ರ, ಎಂ ಎಂದರೆ ಮಡಿವಾಳ. ನಡುವಿನ ಟಿ ಎಂದರೆ ತಾವರೆಕೆರೆ. ಒಂದು ಹೂವೂ ಒಂದು ಕೆರೆಯೂ ಸೇರಿ ಒಂದು ಇಂಗ್ಲಿಷ್ ಅಕ್ಷರವಾಗಿ ಬಸ್ಸಿನ ಫಲಕದ ಮೇಲೆ ಓಡಾಡುತ್ತಿವೆ.

ಈಗ ಅಜ್ಜಿ ಬೆರಳು ತೋರಿಸಿದ ವಿಷಯಕ್ಕೆ ಬರುತ್ತೇನೆ. 1998ರಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಸೈಟು ನೋಡಲು ಕರೆದರು. ಬೇಸಿಗೆ. ಮಟ್ಟಸವಾದ ನೆಲ, ಸುಣ್ಣದ ಗೆರೆ, ನಾಲ್ಕು ಮೂಲೆಗೆ ಕಲ್ಲು. “ಕಾಗದ ಪತ್ರ ಎಲ್ಲ ಸರಿಯಿದೆಯಂತೆ, ಲಾಯರಿಗೂ ತೋರಿಸಿದ್ದೇವೆ. ನಿಮಗೆ ಹೇಗನಿಸುತ್ತೆ?” ಎಂದರು. ನಾನು ತಲೆಯೆತ್ತಿ ನೋಡಿದರೆ ಎದುರಿಗೆ ದೂರದಲ್ಲಿ ಕೆರೆಯ ಏರಿ. ಎರಡು ವರ್ಷದ ಹಿಂದೆ ಅಲ್ಲಿ ನಿಂತು ನಾನು ಈ ಕಡೆ ನೋಡಿದ್ದೆ. ಹೊಸ ಕಾಂಪೌಂಡಿನ ಮಗ್ಗುಲಲ್ಲೇ ಇದ್ದೆವು. ಇಲ್ಲಿ ನೈದಿಲೆ ಕೀಳುತ್ತಿದ್ದರಂತೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅವರು ತಮ್ಮ ಬಳೆ ಅಡವಿಟ್ಟು ಮುಂಗಡ ಕೊಟ್ಟಿದ್ದರು. ಯಾವುದೋ ಮುದುಕಿಯ ಹೂವಿನ ಮಾತು ಹೇಳಿ ಅವರ ಸಂಭ್ರಮ ಕೆಡಿಸುವುದೇಕೆ? ಕಾಗದಕ್ಕಿಂತ ಹೂ ಹೆಚ್ಚೇ? “ಚೆನ್ನಾಗಿದೆ” ಎಂದೆ. ಅವರ ಗೃಹಪ್ರವೇಶಕ್ಕೆ ಹಿತ್ತಾಳೆಯ ದೀಪ ಕೊಟ್ಟು ಬಂದೆ. ಮಳೆಗಾಲದಲ್ಲಿ ಅಡುಗೆಮನೆಯ ಗೋಡೆಗೆ ತೇವ ಬರುತ್ತದೆಂದು ಅವರು ಹೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಸಾರಕ್ಕಿ ಕೆರೆ ದಾಖಲೆಯ ಪ್ರಕಾರ 82 ಎಕರೆಗೂ ಮಿಕ್ಕಿದ ಕೆರೆ. ಅದರಲ್ಲಿ 30 ಎಕರೆಗೂ ಹೆಚ್ಚು ಒತ್ತುವರಿಯಾಗಿದೆ ಎಂದು ಅಳತೆಯಲ್ಲಿ ಗೊತ್ತಾಯಿತು. ಹೈಕೋರ್ಟಿನ ಆದೇಶದಂತೆ 2015ರ ಏಪ್ರಿಲ್ ತಿಂಗಳಲ್ಲಿ ಜಿಲ್ಲಾಡಳಿತ ಯಂತ್ರಗಳನ್ನು ತಂದು ತೆರವು ಮಾಡಿತು. ಟೀವಿಯಲ್ಲಿ ನೀವೂ ನೋಡಿರುತ್ತೀರಿ. ನಾನು ಬೀದಿಯಲ್ಲಿ ನಿಂತು ನೋಡಿದೆ. ನನ್ನ ಸಹೋದ್ಯೋಗಿ ದೇವರ ಪಟಗಳನ್ನು ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಿದ್ದರು. ಸೈಟು ಮಾರಿದವನು ಎಲ್ಲಿದ್ದನೋ ಯಾರಿಗೂ ಗೊತ್ತಿಲ್ಲ. ಕೆರೆ ಉಳಿಯಬೇಕು ಎನ್ನುವವಳು ನಾನು. ಅಂದು ನ್ಯಾಯವೇ ನಡೆಯಿತೆಂದೂ ಒಪ್ಪುತ್ತೇನೆ. ಆದರೆ ಗೋಡೆ ಬಿದ್ದಾಗ ಕಂಡ ಆ ಅಡುಗೆಮನೆಯ ಕಪಾಟು, ಅದರ ಮೇಲೆ ಉಳಿದಿದ್ದ ಉಪ್ಪಿನಕಾಯಿ ಜಾಡಿ, ಇವನ್ನು ನೋಡಿದವರಿಗೆ ನ್ಯಾಯ ಎಂಬ ಮಾತು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಸರ್ವೆಯವರು 2015ರಲ್ಲಿ ಎಳೆದ ಗೆರೆಯನ್ನು ಒಬ್ಬ ಅಜ್ಜಿ 1996ರಲ್ಲೇ ಬೆರಳಿನಿಂದ ಎಳೆದು ನನಗೆ ತೋರಿಸಿದ್ದರು. ನೈದಿಲೆ ಅರಳುತ್ತಿದ್ದ ಜಾಗವೇ ಕೆರೆಯ ಗಡಿ. ನಾನು ಅದನ್ನು ಹೂವಿನ ಕಥೆ ಎಂದುಕೊಂಡಿದ್ದೆ.

ಹೆಸರು ತಪ್ಪಿದರೆ ಏನು ನಷ್ಟ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕಳೆಯನ್ನೇ ನೈದಿಲೆ ಎಂದು ಕರೆದರೆ ನೈದಿಲೆ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ನೈದಿಲೆ ಹೋದದ್ದು ಗೊತ್ತಾಗದಿದ್ದರೆ ಕೆರೆಯ ಅಂಗಳ ಹೋದದ್ದೂ ಗೊತ್ತಾಗುವುದಿಲ್ಲ.

ಸಾರಕ್ಕಿ ಕೆರೆಗೆ ಆಮೇಲೆ ಬೇಲಿ ಬಂತು, ನಡಿಗೆಯ ಹಾದಿ ಬಂತು. ಪಕ್ಕದ ಪುಟ್ಟೇನಹಳ್ಳಿ ಕೆರೆಯನ್ನು ಅದಕ್ಕೂ ಮುಂಚೆ, 2010ರ ಸುಮಾರಿಗೆ, ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಎಬ್ಬಿಸಿದರು. ಇವೆಲ್ಲ ಸಂತೋಷದ ಸಂಗತಿಗಳೇ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಊರಿನಲ್ಲಿ ಕೆರೆ ರಿಪೇರಿ ಎಂದರೆ ಎಷ್ಟೋ ಕಡೆ ಸುತ್ತಲೂ ಒಂದೇ ಸಮನೆ ಆಳವಾಗಿ ಅಗೆದು ಅಂಚಿಗೆ ಕಲ್ಲು ಕಟ್ಟುವುದು ಎಂದಾಗಿದೆ. ಮೊರದಂತಿದ್ದದ್ದು ಬೋಗುಣಿಯಂತಾಗುತ್ತದೆ. ನೋಡಲು ಅಚ್ಚುಕಟ್ಟು. ಆದರೆ ತೆಳುನೀರಿನ ಅಂಗಳವೇ ಇಲ್ಲದ ಕೆರೆಯಲ್ಲಿ ನೈದಿಲೆ ಕಾಲೂರುವುದೆಲ್ಲಿ? ಮೀನಿನ ಮರಿ, ಕಪ್ಪೆ, ದಡದಲ್ಲಿ ನಡೆದು ಮೇಯುವ ಹಕ್ಕಿ, ಇವಕ್ಕೂ ಬೇಕಾದದ್ದು ಅದೇ ಅಂಗಳ. ನಿಮ್ಮೂರಿನ ಕೆರೆ ರಿಪೇರಿಯ ಸಭೆಗೆ ಕರೆದರೆ ತಪ್ಪದೆ ಹೋಗಿ, ಒಂದು ಕಡೆಯಾದರೂ ಓರೆಯಾಗಿ ಬಿಡಿ ಎಂದು ಹೇಳಿ. ಚರಂಡಿ ನೀರು ಎಲ್ಲಿಗೆ ಹೋಗುತ್ತದೆಂದೂ ಕೇಳಿ.

2017ರ ಬೇಸಿಗೆಯಲ್ಲಿ ಮಾಗಡಿ ಕಡೆಯ ನಮ್ಮ ಓರಗಿತ್ತಿಯ ತವರೂರಿಗೆ ಹೋಗಿದ್ದಾಗ ಅಲ್ಲಿಯ ಕೆರೆ ಬಿರುಕುಬಿಟ್ಟು ಒಣಗಿತ್ತು. ಅಲ್ಲಿಯ ಹೆಂಗಸೊಬ್ಬರು ಕಡ್ಡಿಯಲ್ಲಿ ಕೆದಕಿ, ಕಪ್ಪು ಸಿಪ್ಪೆಯ ಒಂದು ಗೆಡ್ಡೆಯನ್ನು ನನ್ನ ಕೈಗೆ ಕೊಟ್ಟರು. ಸತ್ತ ಕಲ್ಲಿನಂತಿತ್ತು. ತಂದು ತಾರಸಿಯ ಸಿಮೆಂಟು ತೊಟ್ಟಿಯಲ್ಲಿ ಕೆಸರು ಹಾಕಿ ಇಟ್ಟೆ. ಸೊಳ್ಳೆಯಾಗದಿರಲೆಂದು ಎರಡು ಮೀನು ಬಿಟ್ಟೆ. ಮೂರು ವಾರಕ್ಕೆ ನೀರಿನೊಳಗೆ ಕೆಂಪಗಿನ ಎಳೆಯ ಎಲೆ ಸುರುಳಿ ಬಿಚ್ಚಿತು. ಮಾರನೆಯ ವರ್ಷ ಹೂ ಬಂತು. ಬಿಳಿಯ ರಾತ್ರಿ ಹೂ. ಐವತ್ತರ ವಯಸ್ಸಿನಲ್ಲಿ ನಾನು ಮೊದಲ ಸಲ ನೈದಿಲೆ ಅರಳುವುದನ್ನು ನೋಡಿದೆ.

2019ರ ಜೂನಿನಲ್ಲಿ ಎರಡು ಜಡೆಯ ಆ ಹುಡುಗಿ ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಳು. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತೆಂದಳು. ಅವಳನ್ನು ಸಂಜೆ ಮನೆಗೆ ಕರೆದೆ. ಕಾಫಿ ಕೊಟ್ಟು ತಾರಸಿಗೆ ಕರೆದುಕೊಂಡು ಹೋದೆ. ದೀಪ ಹಚ್ಚುವ ಹೊತ್ತು ದಾಟಿ, ಮೊಗ್ಗಿನ ಹೊರ ಎಸಳುಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ತಾಯಿ ಮಗಳು ಇಬ್ಬರೂ ಸುಮ್ಮನೆ ಕುಕ್ಕರುಗಾಲಲ್ಲಿ ಕುಳಿತು ನೋಡಿದರು. ನಾನು ಆ ಶನಿವಾರದ ತಪ್ಪನ್ನೂ ಕೆಂಪು ಶಾಯಿಯ ತಪ್ಪನ್ನೂ ಬಾಯಿಬಿಟ್ಟು ಒಪ್ಪಿಕೊಂಡೆ. ಅವಳಿಗೆ ಎಲ್ಲ ನೆನಪಿತ್ತು. ನಕ್ಕು, “ಹಾಗಾದ್ರೆ ಆ ಒಂದು ಮಾರ್ಕು ಈಗ ಕೊಡ್ತೀರಾ ಮಿಸ್?” ಎಂದಳು.

ಉತ್ತರ ಪತ್ರಿಕೆ ಯಾವ ಗುಜರಿಗೆ ಹೋಯಿತೋ. ಆದ್ದರಿಂದ ಇಲ್ಲಿ ಬರೆದು ಕೊಡುತ್ತಿದ್ದೇನೆ. ಅಂತರಗಂಗೆ ಎಂಬುದಕ್ಕೆ ಅರ್ಧ. ನೈದಿಲೆ ಈಗ ಇಲ್ಲ ಎಂಬುದಕ್ಕೆ ಅರ್ಧ. ಒಟ್ಟು ಒಂದು.